ಏಕಾಂತಯ್ಯನವರ ಹೆಡ್‌ಲೈಟು

ಕಾರಿನೊಳಗೆ ಹೊಗೆ ಕಾಣಿಸಿಕೊಂಡಾಗ ಮೊದಲು ಯಾರು ಇಳಿಯಬೇಕು ಎಂಬ ಪ್ರಶ್ನೆಗೆ ಸೇತುರಾಮನ ಕಾಲುಗಳು ಸೇತುರಾಮನನ್ನು ಕೇಳದೆಯೇ ಉತ್ತರ ಕೊಟ್ಟುಬಿಟ್ಟವು. ಚಿಕ್ಕಲಸಂದ್ರದ ಸಿಗ್ನಲ್ಲು, ಮುಸ್ಸಂಜೆಯ ಹೊತ್ತು. ಸ್ಟೀರಿಂಗಿನ ಕೆಳಗಿನಿಂದ ಊದಿನಕಡ್ಡಿಯದಂಥ ಹೊಗೆಯ ಒಂದು ಎಳೆ ಮೇಲೆದ್ದು, ಪ್ಲಾಸ್ಟಿಕ್ ಸುಟ್ಟ ವಾಸನೆ ಮೂಗಿಗೆ ಬಡಿಯುವಷ್ಟರಲ್ಲಿ ಅವನು ಬಾಗಿಲು ತೆಗೆದು, ಹಾರಿ, ಬಾಗಿಲನ್ನು ಹಿಂದಕ್ಕೆ ದಬ್ಬಿ, ಓಡಿಯೂ ಆಗಿತ್ತು. ಅವನು ಓಡಿದ, ಅವನ ಜರಿಯಂಚಿನ ಪಂಚೆ ಓಡಲಿಲ್ಲ. ಅದರ ತುದಿ ಬಾಗಿಲ ಸಂದಿಯಲ್ಲಿ ಸಿಕ್ಕಿಕೊಂಡು, ಯಜಮಾನನಿಗಿಂತ ಹೆಚ್ಚಿನ ನಿಷ್ಠೆಯಿಂದ ಕಾರಿನ ಜೊತೆಗೇ ಉಳಿಯಿತು.

ಹಸಿರು ದೀಪ ಬಂತು. ಯಾರೂ ಕದಲಲಿಲ್ಲ. ಬೆಂಗಳೂರಿನಲ್ಲಿ ಹಸಿರು ಬಿದ್ದಮೇಲೂ ಜನ ಹಾರ್ನ್ ಹೊಡೆಯದೆ ನಿಂತಿದ್ದಾರೆಂದರೆ ನೋಡತಕ್ಕದ್ದು ಏನೋ ಇದೆ ಎಂದೇ ಅರ್ಥ. ಆರತಕ್ಷತೆಗೆಂದು ತಂದಿದ್ದ ಗೋಡೆ ಗಡಿಯಾರದ ಪೊಟ್ಟಣವನ್ನು ಸೇತುರಾಮ ಮುಂಭಾಗಕ್ಕೆ ಹಿಡಿದುಕೊಂಡ. ಹಿಂಭಾಗಕ್ಕೆ ಹಿಡಿಯಲು ಏನೂ ಇರಲಿಲ್ಲ.

"ಅಂಕಲ್, ಡಿಸೈನು ಸಖತ್ತಾಗಿದೆ," ಎಂದು ಬೈಕಿನ ಮೇಲಿದ್ದವನೊಬ್ಬ ಅವನ ಪಟ್ಟಾಪಟ್ಟಿ ಚಡ್ಡಿಗೆ ಪ್ರಶಸ್ತಿಪತ್ರ ಕೊಟ್ಟ.

ಮೂಲೆಯ ಪಾನಿಪುರಿ ಗಾಡಿಯವನು ನೀರಿನ ಕೊಡ ಎತ್ತಿಕೊಂಡು ಬರುತ್ತಿದ್ದ. ಅಷ್ಟರಲ್ಲಿ ರಸ್ತೆಯಾಚೆಯ ಅಂಗಡಿಯಿಂದ ಖಾಕಿ ಅಂಗಿ ತೊಟ್ಟ ಹೆಂಗಸೊಬ್ಬಳು ಸ್ಪ್ಯಾನರ್ ಬೀಸುತ್ತಾ ಓಡಿಬಂದಳು.

"ಏಯ್, ನೀರ್ ಹಾಕ್ಬೇಡ! ಅಂಕಲ್, ಲೈಟ್ ಆಫ್ ಮಾಡಿ ಮೊದ್ಲು! ಕೀ ತೆಗೀರಿ! ಇಳೀರಿ ಕೆಳಗೆ!"

ಅಷ್ಟು ಹೊತ್ತೂ ಸ್ಟೀರಿಂಗ್ ಹಿಡಿದು ನೆಟ್ಟಗೆ ಕೂತಿದ್ದ ಏಕಾಂತಯ್ಯನವರು ಹೇಳಿದ್ದನ್ನೆಲ್ಲ ಹೇಳಿದ ಕ್ರಮದಲ್ಲೇ ಮಾಡಿದರು. ಹೇಳದೆ ಇದ್ದ ಹ್ಯಾಂಡ್‌ಬ್ರೇಕನ್ನೂ ಎಳೆದರು. ಆಕೆ ಬಾನೆಟ್ಟಿನ ಮೇಲೆ ಕೈಯಿಟ್ಟು ಶಾಖ ನೋಡಿ, ಎತ್ತಿ, ಬ್ಯಾಟರಿಯ ನೆಗೆಟಿವ್ ತಂತಿಯನ್ನು ಬಿಚ್ಚಿ ಪಕ್ಕಕ್ಕೆ ಬಾಗಿಸಿಟ್ಟಳು. ಹೊಗೆ ನಿಂತಿತು. ಆಮೇಲೆ ಬಾಗಿಲು ತೆಗೆದು, ಪಂಚೆಯನ್ನು ಎರಡು ಬೆರಳಲ್ಲಿ ಎತ್ತಿಹಿಡಿದು ಜನಸ್ತೋಮವನ್ನು ಕೇಳಿದಳು: "ಇದು ಯಾರ್ದು?"

ಒಂದು ಗಳಿಗೆ, ನನ್ನದಲ್ಲ ಎಂದುಬಿಡೋಣವೇ ಎಂದು ಸೇತುರಾಮನಿಗೆ ಅನ್ನಿಸಿದ್ದುಂಟು.

ಆಟೋದವರು ಸೇರಿ ಕಾರನ್ನು ಅವಳ ಅಂಗಡಿಯ ಮುಂದಕ್ಕೆ ತಳ್ಳಿದರು. ಬೋರ್ಡಿನಲ್ಲಿ 'ಯಲ್ಲಯ್ಯ ಆಟೋ ಎಲೆಕ್ಟ್ರಿಕಲ್ಸ್' ಎಂದಿತ್ತು. ಆಕೆ ಯಲ್ಲಯ್ಯನ ಮಗಳು ಶಾಂತಲಾ. ಅಪ್ಪನಿಗೆ ಮಂಡಿನೋವು ಬಂದಮೇಲೆ ಅಂಗಡಿ ಅವಳದೇ. ಸ್ಟೀರಿಂಗಿನ ಕೆಳಗೆ ತಲೆ ತೂರಿಸಿ, ಟಾರ್ಚು ಬಿಟ್ಟು ನೋಡಿ, ಹೊರಗೆ ಬಂದು ಕೇಳಿದಳು: "ವೈರಿಂಗ್ ಯಾರ್ ಮಾಡಿದ್ದು?"

"ಗೊತ್ತಿಲ್ಲ," ಎಂದ ಸೇತುರಾಮ, ಪಂಚೆ ಸುತ್ತಿಕೊಳ್ಳುತ್ತಾ.

"ಇವನೇ ಕಣಮ್ಮ ಮಾಡಿದ್ದು," ಎಂದರು ಏಕಾಂತಯ್ಯನವರು ಹೆಮ್ಮೆಯಿಂದ. "ನಮ್ಮ ಪಕ್ಕದ್ಮನೆ ಸೇತು. ಇನ್ಶೂರೆನ್ಸ್ ಕಂಪನೀಲಿದ್ದಾನೆ."

ಏಕಾಂತಯ್ಯನವರ ವಿಚಾರ ಹೇಳಬೇಕೆಂದರೆ ಕಾರಿನಿಂದಲೇ ಆರಂಭಿಸಬೇಕು. ತ್ಯಾಗರಾಜನಗರದ ಆ ಅಡ್ಡರಸ್ತೆಯಲ್ಲಿ ಈಗ ಕಾರಿಲ್ಲದ ಗೇಟಿಲ್ಲ; ಗೇಟಿಲ್ಲದ ಕಡೆಯೂ ಕಾರಿದೆ. ಆದರೆ ಅವರು ಸಹಕಾರಿ ಬ್ಯಾಂಕೊಂದರಲ್ಲಿ ಕ್ಯಾಷಿಯರ್ ಆಗಿದ್ದು, ನಲವತ್ತರ ವಯಸ್ಸಿನಲ್ಲಿ ಡ್ರೈವಿಂಗ್ ಕಲಿತು, ಬಿಳಿಯ ಸಣ್ಣ ಕಾರೊಂದನ್ನು ಮನೆಗೆ ತಂದಾಗ ಬೀದಿಗೆಲ್ಲ ಅದೊಂದೇ ಕಾರು. ಬಂದ ವಾರದಲ್ಲೇ ಸೇತುರಾಮನ ಹೆಂಡತಿ ವಾರಿಜಾಗೆ ಹೆರಿಗೆ ನೋವು ಕಾಣಿಸಿಕೊಂಡಿತು. ಆಟೋ ಸಿಗದೆ ಸೇತುರಾಮ ರಸ್ತೆಯ ಈ ತುದಿಯಿಂದ ಆ ತುದಿಗೆ ಓಡಾಡುತ್ತಿದ್ದಾಗ ಏಕಾಂತಯ್ಯನವರು ಸುಮ್ಮನೆ ಗೇಟು ತೆಗೆದು ಕಾರು ಹೊರಗಿಟ್ಟರು. ಸ್ಟೀರಿಂಗಿನ ಅರಿಶಿನ ಕುಂಕುಮ ಇನ್ನೂ ಹಸಿಯಾಗಿತ್ತು. ಅಂದು ಹುಟ್ಟಿದವಳೇ ಮೈತ್ರೇಯಿ.

ಅಲ್ಲಿಂದ ಮುಂದೆ ಅದು ಬೀದಿಯ ಕಾರಾಯಿತು. ಹೆರಿಗೆ, ಎದೆನೋವು, ಮುಹೂರ್ತಕ್ಕೆ ತಡವಾದ ಮದುಮಗಳು, ಬೆಳಗಿನ ರೈಲಿಗೆ ಹೊರಟ ಕಾಶಿಯಾತ್ರೆಯ ಮುದುಕಿಯರು, ಹೀಗೆ ಎಲ್ಲದಕ್ಕೂ ಏಕಾಂತಯ್ಯ. ಪೆಟ್ರೋಲಿಗೆ ಏನಾದರೂ ಕೊಡಹೋದವರಿಗೆ, "ಒಬ್ಬಟ್ಟು ಮಾಡಿದಾಗ ಕಳಿಸಿ," ಎನ್ನುತ್ತಿದ್ದರು. ಹಾರ್ನು ಹೊಡೆಯುವುದು ಅವರ ಮಟ್ಟಿಗೆ ಬೈಗುಳವಿದ್ದಂತೆ. ಎಂದೂ ಹೊಡೆದವರಲ್ಲ. ಮಕ್ಕಳಿಲ್ಲದ ದಂಪತಿ, ಆದರೆ ಅವರ ಹೆಂಡತಿ ಕಾತ್ಯಾಯಿನಮ್ಮನನ್ನು ಯಾರಾದರೂ ಹಾಗಂತ ಕೇಳಿದರೆ, "ಯಾಕೆ, ಈ ಬೀದೀಲಿ ಅರ್ಧಕ್ಕರ್ಧ ನಮ್ಮ ಕಾರಲ್ಲೇ ಹೋಗಿ ಹುಟ್ಟಿದಾವೆ," ಎನ್ನುತ್ತಿದ್ದರು. ಕಾರು ಎರಡು ಸಲ ಬದಲಾಗಿ ಹಳತಾಯಿತು. ಏಕಾಂತಯ್ಯನವರು ಬದಲಾಗಲಿಲ್ಲ, ಹಳಬರೂ ಆಗಲಿಲ್ಲವೆಂದು ಅವರ ನಂಬಿಕೆ.

ಸೇತುರಾಮನ ಬಳಿಯೂ ಲೈಸೆನ್ಸ್ ಇದೆ. ಕಾರು, ಧೈರ್ಯ ಎರಡೂ ಇಲ್ಲ. ಪಕ್ಕದ ಮನೆಯಲ್ಲಿ ಏಕಾಂತಯ್ಯನವರಿರುವಾಗ ಅವೆರಡರ ಅಗತ್ಯವೂ ಬಿದ್ದಿರಲಿಲ್ಲ.

ಈಗ ಮೈತ್ರೇಯಿ ಚೊಚ್ಚಲು ಬಸುರಿ, ಹೆರಿಗೆಗೆ ತವರಿಗೆ ಬಂದಿದ್ದಾಳೆ. ಬಂದ ದಿನವೇ ಏಕಾಂತಯ್ಯನವರು ಕಾಂಪೌಂಡಿನ ಆಚೆಯಿಂದ ಘೋಷಿಸಿದರು: "ನೋಡು ಪುಟ್ಟಿ, ನಿಮ್ಮಮ್ಮನ್ನ ಕರ್ಕೊಂಡ್ಹೋಗಿದ್ದು ನಾನು. ನಿನ್ನೂ ನಾನೇ ಕರ್ಕೊಂಡ್ಹೋಗೋದು. ಎಷ್ಟ್ ಹೊತ್ತಿಗಾದ್ರೂ ಸರಿ, ಒಂದು ಕೂಗು ಹಾಕು."

"ಅಷ್ಟ್ ಹೊತ್ತಿಗೆ ಕ್ಯಾಬ್ ಸಿಗುತ್ತೆ ಅಂಕಲ್, ಯಾಕೆ ನಿಮಗೆ..." ಎಂದ ಮೈತ್ರೇಯಿಯ ಕಡೆಗೆ ಅವರು ನೋಡಿದ ನೋಟಕ್ಕೆ ಅವಳು ಮಾತನ್ನು ಅರ್ಧಕ್ಕೇ ನುಂಗಿ, "ಕೂಗ್ತೀನಿ ಬಿಡಿ," ಎಂದಳು.

ಮಾತು ಕೊಟ್ಟದ್ದಾಯಿತು. ಕಷ್ಟವೆಂದರೆ ಕತ್ತಲೆ. ಹೋದ ಮಳೆಗಾಲದಿಂದ ಏಕಾಂತಯ್ಯನವರ ಒಂದೇ ದೂರು: ಬೆಳಕು ಸಾಲದು. ಬೀದಿದೀಪ ಬದಲಾಯಿಸಿದವರು ಮಂದ ದೀಪ ಹಾಕಿ ಹೋಗಿದ್ದಾರೆ. ಎದುರಿಗೆ ಬರುವವರೆಲ್ಲ ಕಣ್ಣಿಗೇ ಬಿಡುತ್ತಾರೆ, ಅವರ ಲೈಟು ಕಣ್ಣ ಮುಂದೆ ಒಡೆದು ಸೇವಂತಿಗೆ ಹೂವಿನ ಹಾಗೆ ಅರಳಿಕೊಳ್ಳುತ್ತದೆ. ನಮ್ಮ ಕಾರಿನದು ನೋಡಿದರೆ ಹರಳೆಣ್ಣೆ ದೀಪ. ಈ ದೂರಿನಲ್ಲಿ ಅರ್ಧ ನಿಜವಿದ್ದುದೇ ತೊಂದರೆಗೆ ಮೂಲ. ಹೌದು ಹೌದು, ಈಗಿನವರ ಲೈಟು ಕೇಳಬೇಡಿ ಎಂದು ಬೀದಿಯೆಲ್ಲ ತಲೆಯಾಡಿಸಿತು.

ಮೊದಲು ಕಾತ್ಯಾಯಿನಮ್ಮನ ಟೂತ್‌ಪೇಸ್ಟು ಹಚ್ಚಿ ಹೆಡ್‌ಲೈಟಿನ ಗಾಜು ಉಜ್ಜಿದ್ದಾಯಿತು. ಗಾಜು ಹೊಳೆಯಿತು, ಪುದೀನದ ವಾಸನೆಯೂ ಬಂತು, ಬೆಳಕು ಹೆಚ್ಚಲಿಲ್ಲ. ಆಗ ಸೇತುರಾಮ ಸಲಹೆಗಾರನಾದ. ಅರವತ್ತು ವಾಟಿನ ಬಲ್ಬು ತೆಗೆದು ನೂರರದ್ದು ಹಾಕಿದರೆ ಮುಗಿಯಿತು, ಅದಕ್ಕೆ ಮೆಕ್ಯಾನಿಕ್ ಯಾಕೆ, ನಾನಿಲ್ಲವೇ, ಫೋನಿನಲ್ಲಿ ವೀಡಿಯೋ ನೋಡಿದ್ದೇನೆ. ಒಂದು ಭಾನುವಾರ ಹೊಂಗೆ ಮರದ ನೆರಳಿನಲ್ಲಿ ಇಬ್ಬರೂ ಕೂತು ಬಲ್ಬು ಬದಲಿಸಿದರು. ಹೋಲ್ಡರು ಸಡಿಲವೆಂದು ತಂತಿಗೆ ತಂತಿ ಹೊಸೆದು ಇನ್ಸುಲೇಷನ್ ಟೇಪು ಸುತ್ತಿದರು. ಸಂಜೆ ಹೊತ್ತಿಸಿ ನೋಡಿದರೆ ಫ್ಯೂಸು ಹೋಯಿತು. ಇನ್ನೊಂದು ಹಾಕಿದರು. ಅದೂ ಹೋಯಿತು.

"ಫ್ಯೂಸು ವೀಕು," ಎಂದು ತೀರ್ಪು ಕೊಟ್ಟ ಸೇತುರಾಮ, ಹದಿನೈದು ಆಂಪಿಯರಿನ ಜಾಗದಲ್ಲಿ ಮೂವತ್ತರ ಫ್ಯೂಸು ತಂದು ಕೂರಿಸಿದ. ಅದು ಗಟ್ಟಿ ಆಸಾಮಿ, ಹೋಗಲಿಲ್ಲ.

ಇದರಲ್ಲೊಂದು ತಮಾಷೆಯಿದೆ. ವಿಮಾ ಕಂಪನಿಯಲ್ಲಿ ಸೇತುರಾಮ ಕೂರುವುದು ಸುಟ್ಟ ವಾಹನಗಳ ಕಡತದ ಮುಂದೆ. ಮಾಲೀಕರು ಹೊರಗಿನಿಂದ ಮಾಡಿಸಿಕೊಂಡ ವೈರಿಂಗೇ ಬೆಂಕಿಗೆ ಕಾರಣವೆಂದು ಬರೆದು ಬರೆದು ಆ ವಾಕ್ಯ ಅವನಿಗೆ ಸಂಧ್ಯಾವಂದನೆಗಿಂತ ಚೆನ್ನಾಗಿ ಬಾಯಿಪಾಠ. ಬರೆಯುವ ಕೈಗೂ ಟೇಪು ಸುತ್ತುವ ಕೈಗೂ ಪರಿಚಯವಿರಲಿಲ್ಲ, ಅಷ್ಟೆ.

ಶಾಂತಲಾ ಕಪ್ಪಗೆ ಕರಗಿ ಮುದ್ದೆಯಾಗಿದ್ದ ಹೋಲ್ಡರನ್ನೂ ಸುಟ್ಟ ಸ್ವಿಚ್ಚನ್ನೂ ಹೊರತೆಗೆದು ಏಕಾಂತಯ್ಯನವರ ಅಂಗೈಯಲ್ಲಿಟ್ಟಳು.

"ನೋಡಿ ಅಂಕಲ್, ಈ ತಂತಿ ಅರವತ್ತಕ್ಕೆ ಅಂತ ಮಾಡಿರೋದು. ನೀವು ನೂರು ಹೊರಿಸಿದ್ರಿ. ಬಿಸಿ ಆಯ್ತು, ಕರಗ್ತು. ಫ್ಯೂಸ್ ಬಡ್ಕೊಳ್ತು, ಬೇಡ ಬೇಡ ಅಂತ. ಅದರ ಬಾಯಿಗೂ ಬಟ್ಟೆ ತುರುಕಿದ್ರಿ." ಇದು ಸೇತುರಾಮನ ಕಡೆಗೆ. "ಫ್ಯೂಸ್ ಇರೋದೇ ಸಾಯಕ್ಕೆ ಸಾರ್. ಅದು ಸಾಯ್ಲಿಲ್ಲ ಅಂದ್ರೆ ಕಾರ್ ಸಾಯುತ್ತೆ. ಹಿಂದೆ ಬಸ್ರಿ ಹೆಂಗ್ಸು ಗಿಂಗ್ಸು ಕೂತಿದ್ರೆ ಏನ್ ಮಾಡ್ತಿದ್ರಿ?"

ಅವಳು ಬಾಯಿಗೆ ಬಂದ ಮಾತು ಆಡಿದ್ದಳು, ಅಷ್ಟೆ. ಆದರೆ ಇಬ್ಬರು ಗಂಡಸರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಆರತಕ್ಷತೆಗೆ ಆಟೋದಲ್ಲಿ ಹೋದರು. ಮಧ್ಯಾಹ್ನವೇ ಹೋಗಿ ಕೂತಿದ್ದ ವಾರಿಜಾ, "ಪಂಚೆ ಯಾಕ್ರೀ ಹೀಗ್ ಉಟ್ಕೊಂಡಿದೀರಿ?" ಎಂದಾಗ ಸೇತುರಾಮ, "ಗಾಳಿ," ಎಂದ.

ಎರಡು ದಿನದಲ್ಲಿ ಶಾಂತಲಾ ಕಾರನ್ನು ರಿಪೇರಿ ಮಾಡಿಕೊಟ್ಟಳು. ಕಂಪನಿ ಹೇಳಿದ ಅರವತ್ತರ ಬಲ್ಬೇ, ಆದರೆ ರಿಲೇ ಹಾಕಿ. ರಿಲೇ ಎಂದರೇನೆಂದು ಏಕಾಂತಯ್ಯನವರು ಕೇಳಿದ್ದಕ್ಕೆ, "ಸ್ವಿಚ್ಚು ಮನೆ ಯಜಮಾನನ ಥರ ಅಂಕಲ್, ಹೇಳ್ಬೇಕು ಅಷ್ಟೆ, ಹೊರಬಾರ್ದು. ಹೊರೋಕೆ ರಿಲೇ ಇದೆ," ಎಂದಳು. ದಪ್ಪ ತಂತಿಯನ್ನು ಬ್ಯಾಟರಿಯಿಂದಲೇ ಎಳೆದು, ಬ್ಯಾಟರಿಯ ಪಕ್ಕದಲ್ಲೇ ಫ್ಯೂಸು ಕೂರಿಸಿ, ತಗಡು ಕೊರೆಯುವ ಜಾಗದಲ್ಲೆಲ್ಲ ರಬ್ಬರ್ ಬಳೆ ತೊಡಿಸಿದ್ದಳು. ಬಲ್ಬಿನ ಗಾಜನ್ನು ಬೆರಳಲ್ಲಿ ಮುಟ್ಟದೆ ಬಟ್ಟೆಯಲ್ಲಿ ಹಿಡಿದು ಕೂರಿಸಿದಳು. ಬೆರಳ ಜಿಡ್ಡು ಕಾದರೆ ಬಲ್ಬು ಬಿರಿಯುತ್ತದಂತೆ. ಟೂತ್‌ಪೇಸ್ಟು ಹಚ್ಚಿದ ಕೈಯಲ್ಲೇ ಬಲ್ಬು ಹಿಡಿದಿದ್ದ ಸೇತುರಾಮ ತನ್ನ ಬೆರಳುಗಳನ್ನು ಜೇಬಿಗಿಳಿಸಿದ.

ಬೆಳಕು ನಿಜಕ್ಕೂ ಹೆಚ್ಚಿತ್ತು. ಏಕಾಂತಯ್ಯನವರು ಹೊತ್ತಿಸಿ ನೋಡಿ, "ಪರವಾಗಿಲ್ಲ. ಸ್ವಲ್ಪ ಹಳದಿ," ಎಂದರು.

ಮುಂದಿನ ವಾರ ಮತ್ತೆ ಹೋದರು. ಮಂದವಾಗಿದೆ, ನೋಡಮ್ಮ. ಶಾಂತಲಾ ಮೀಟರು ಹಿಡಿದಳು. ಬಲ್ಬಿನ ಬುಡದಲ್ಲಿ ಬರಬೇಕಾದಷ್ಟು ಕರೆಂಟು ಬರುತ್ತಿತ್ತು. ಅರ್ತಿಂಗ್ ಇರಬಹುದೆಂದು ಬಣ್ಣ ಕೆರೆದು ಬೋಲ್ಟು ಬದಲಿಸಿದಳು. ಮತ್ತೆ ಬಂದರು. ಬಂಪರಿನ ಕೆಳಗೆ ಮಂಜಿನ ದೀಪದ, ಎಂದರೆ ಫಾಗ್‌ಲೈಟಿನ, ಜೋಡಿ ಕೂರಿಸಿಕೊಟ್ಟಳು, ಅದಕ್ಕೂ ಬೇರೆ ರಿಲೇ, ಬೇರೆ ಫ್ಯೂಸು. ಮತ್ತೆ ಬಂದರು. ಪ್ರತಿಸಲವೂ ಜೊತೆಗೆ ಸೇತುರಾಮ ಬರಬೇಕು. ಅವನಿಗೆ ಆ ಸಿಗ್ನಲ್ಲು ಕಂಡರೆ ಇವತ್ತಿಗೂ ಸೊಂಟಕ್ಕೆ ಕೈ ಹೋಗುತ್ತದೆ.

ಶಾಂತಲಾಗೆ ನಿದ್ದೆ ಕೆಟ್ಟಿತು. "ನಮ್ಮಪ್ಪನ್ ಹತ್ರ ಬೈಸ್ಕೊಂಡೆ ಸಾರ್," ಎಂದು ಸೇತುರಾಮನನ್ನು ಪಕ್ಕಕ್ಕೆ ಕರೆದು ಹೇಳಿದಳು. "ಒಂದ್ ಹೆಡ್‌ಲೈಟ್ ಮಾಡಕ್ ಬರಲ್ವಾ ನಿನಗೆ ಅಂತ. ನನ್ ಕೆಲ್ಸದಲ್ಲಿ ಎಲ್ಲೋ ಲೀಕ್ ಇದೆ, ಸಿಗ್ತಿಲ್ಲ. ಈ ಅಂಕಲ್ ಸುಳ್ ಹೇಳೋರ್ ಥರ ಕಾಣಲ್ಲ."

ಸುಳ್ಳು ಹೇಳುವವರಲ್ಲ ನಿಜ. ಅದರಲ್ಲೂ ಕಣ್ಣಿನ ವಿಚಾರದಲ್ಲಿ ಅವರನ್ನು ಅನುಮಾನಿಸುವುದು ಯಾರಿಗೂ ಹೊಳೆಯುವಂಥದ್ದಲ್ಲ. ಕ್ಯಾಷ್ ಕೌಂಟರಿನ ಗಾಜಿನ ಹಿಂದೆ ಕೂತು, ಖೋಟಾ ನೋಟನ್ನು ಬೆಳಕಿಗೆ ಕೂಡ ಹಿಡಿಯದೆ ಎತ್ತಿಡುತ್ತಿದ್ದ ಕಣ್ಣು ಅದು. ನಿವೃತ್ತಿಯ ದಿನ ಹಾರ ಹಾಕಿದವರೆಲ್ಲ ಹೊಗಳಿದ್ದು ಆ ಕಣ್ಣನ್ನೇ.

ಮೈತ್ರೇಯಿಗೆ ತಿಂಗಳು ತುಂಬುತ್ತಾ ಬಂತು. ಒಂದು ಸಂಜೆ ಏಕಾಂತಯ್ಯನವರು ಸೇತುರಾಮನನ್ನು ಕೂರಿಸಿಕೊಂಡು ಚಿಕ್ಕಲಸಂದ್ರಕ್ಕೆ ಹೊರಟಾಗಲೇ ಮುಖ ಗಂಟಾಗಿತ್ತು. ಸೂರ್ಯ ಮುಳುಗಿ ಆಕಾಶ ಇನ್ನೂ ಬೆಳ್ಳಗಿತ್ತು. ದಾರಿಯಲ್ಲಿ ಒಂದು ಹಸು ರಸ್ತೆ ದಾಟುತ್ತಿತ್ತು. ಏಕಾಂತಯ್ಯನವರು ತೀರಾ ಹತ್ತಿರ ಹೋಗಿ ಗಕ್ಕನೆ ಬ್ರೇಕು ಒತ್ತಿದರು. ಹಸು ತಿರುಗಿ ನೋಡಿತು. "ನೋಡ್ದ್ಯಾ, ಲೈಟೇ ಇಲ್ಲ," ಎಂದರು ಅವರು. ಹಸು ಸೇತುರಾಮನಿಗೆ ಆ ತುದಿಯಿಂದಲೇ ಕಂಡಿತ್ತು. ಆದರೆ ಬಾಯಿ ತೆರೆಯಲಿಲ್ಲ. ಇಷ್ಟು ವರ್ಷ ಪುಕ್ಕಟೆ ಕೂತು ಬಂದವನು ಡ್ರೈವರಿಗೆ ಏನೆಂದು ಹೇಳಬೇಕು?

ಅಂಗಡಿಯಲ್ಲಿ ಏಕಾಂತಯ್ಯನವರು ಕೂರಲಿಲ್ಲ. "ಅಮ್ಮಾ, ನೂರಾ ಮೂವತ್ತರ ಬಲ್ಬಿದ್ಯಂತೆ. ಹಾಕು."

"ಅದು ರೋಡಿಗೆ ಅಲ್ಲ ಅಂಕಲ್. ಎದುರಿಗ್ ಬರೋರು ಕುರುಡಾಗ್ತಾರೆ. ಗಾಜಿನ ಹಿಂದೆ ಇರೋ ತಗಡೇ ಸುಟ್ಹೋಗುತ್ತೆ. ನಾನ್ ಹಾಕಲ್ಲ."

"ಪುಟ್ಟೇನಹಳ್ಳಿ ಹತ್ರ ಒಬ್ಬ ಹಾಕ್ತೀನಿ ಅಂದಿದಾನೆ. ನಾಳೆ ಬೆಳಿಗ್ಗೆ ಅಲ್ಲಿ ಹಾಕಿಸ್ತೀನಿ."

"ಅಂಕಲ್!"

"ನಿಂಗ್ ಅರ್ಥ ಆಗಲ್ಲಮ್ಮ. ಆ ಮಗು ಯಾವ್ ಹೊತ್ತಿಗ್ ಕೂಗುತ್ತೋ. ನಾನು ಮಾತು ಕೊಟ್ಟಿದೀನಿ."

ಶಾಂತಲಾ ಸೊಂಟದ ಮೇಲೆ ಕೈಯಿಟ್ಟು ಸ್ವಲ್ಪ ಹೊತ್ತು ಕಾರನ್ನು ನೋಡಿದಳು. ಆಮೇಲೆ, "ಸರಿ. ಹೋಗೋಕ್ ಮುಂಚೆ ಲಾಸ್ಟ್ ಒಂದ್ಸಲ ನೋಡ್ಬಿಡಣ. ಕಾರ್ ಹತ್ತಿ. ಆ ಗೋಡೆಗೆ ಬಿಡಿ," ಎಂದಳು.

ಅಂಗಡಿಗೆ ಎದುರಾಗಿ ಖಾಲಿ ಸೈಟೊಂದರ ಆಚೆ ಉದ್ದನೆಯ ಕಾಂಪೌಂಡ್ ಗೋಡೆ. ಏಕಾಂತಯ್ಯನವರು ಹೆಡ್‌ಲೈಟು ಹಾಕಿದರು, ಮಂಜಿನ ದೀಪವನ್ನೂ ಹಾಕಿದರು. ಗೋಡೆ ಮದುವೆ ಛತ್ರದ ಹಾಗೆ ಬೆಳಗಿತು. ಪಕ್ಕದ ಸೀಟಿನಲ್ಲಿ ಸೇತುರಾಮ.

ಶಾಂತಲಾ ಕಿಟಕಿಗೆ ಬಗ್ಗಿ ಕೇಳಿದಳು: "ಗೋಡೆ ಮೇಲೇನಿದೆ, ಓದಿ ಅಂಕಲ್."

ಏಕಾಂತಯ್ಯನವರು ಹುಬ್ಬು ಬಿಗಿದು ನೋಡಿದರು. ನಕ್ಕರು. "ಇದನ್ನೇನ್ ಓದೋದಮ್ಮ. 'ಇಲ್ಲಿ ಮೂತ್ರ ಮಾಡಬಾರದು, ಮಾಡಿದರೆ ದಂಡ'. ಕೆಂಪಕ್ಷರ. ಪಕ್ಕದಲ್ಲಿ ಟ್ಯೂಷನ್ ಬೋರ್ಡು."

ದಕ್ಷಿಣ ಬೆಂಗಳೂರಿನ ಯಾವ ಖಾಲಿ ಗೋಡೆಯ ಮುಂದೆ ನಿಂತು ಕಣ್ಣುಮುಚ್ಚಿ ಇದನ್ನೇ ಓದಿದರೂ ಹತ್ತಕ್ಕೆ ಒಂಬತ್ತು ಸಲ ತಪ್ಪಾಗುವುದಿಲ್ಲ. ಇದು ಹತ್ತನೆಯದು. ಬಡಾವಣೆಯ ಉತ್ಸಾಹಿಗಳು ಹೋದ ತಿಂಗಳೇ ಆ ಗೋಡೆಗೆ ಸುಣ್ಣ ಹೊಡೆಸಿ ಚಿತ್ರ ಬರೆಸಿದ್ದರು. ಈ ತುದಿಯಿಂದ ಆ ತುದಿಗೆ ಗರಿ ಬಿಚ್ಚಿದ ಒಂದೇ ಒಂದು ನವಿಲು. ನೀಲಿ, ಹಸಿರು. ಒಂದಕ್ಷರವೂ ಇರಲಿಲ್ಲ.

"ಸರಿ ತಾನೆ?" ಎಂದರು ಏಕಾಂತಯ್ಯನವರು.

ಶಾಂತಲಾ ಸೇತುರಾಮನ ಮುಖ ನೋಡಿದಳು. ಅವಳ ಕಣ್ಣಲ್ಲಿ ತನ್ನ ಕೆಲಸದಲ್ಲಿ ಲೀಕಿಲ್ಲವೆಂಬ ನಿರಾಳವಿತ್ತು, ಅದಕ್ಕಾಗಿ ನಾಚಿಕೆಯೂ ಇತ್ತು. ಹೇಳುವುದು ಅವಳ ಕೆಲಸವಲ್ಲ. ಸೇತುರಾಮನಿಗೆ ಸುಲಭದ ದಾರಿ ಎದುರಿಗೇ ಇತ್ತು: ಸರಿಯಾಗಿದೆ ಸಾರ್ ಎಂದುಬಿಡುವುದು, ಮನೆಗೆ ಹೋಗಿ ವಾರಿಜಾಗೆ ಹೇಳಿ, ಹೊತ್ತು ಬಂದಾಗ ಸದ್ದಿಲ್ಲದೆ ಕ್ಯಾಬ್ ಕರೆಸಿ, ನೋವು ಜೋರಾಗಿತ್ತು, ನಿಮ್ಮನ್ನು ಕೂಗಲಾಗಲಿಲ್ಲ ಎಂದು ಆಮೇಲೊಂದು ಸುಳ್ಳು ಹೇಳುವುದು. ಅಂಥದರಲ್ಲಿ ಅವನು ನಿಪುಣ. ಆದರೆ ನಾಳೆ ಬೆಳಿಗ್ಗೆ ಪುಟ್ಟೇನಹಳ್ಳಿಯವನು ನೂರಾ ಮೂವತ್ತು ಹಾಕುತ್ತಾನೆ. ಆಮೇಲೆ ಈ ಮನುಷ್ಯ ಇನ್ಯಾರನ್ನೋ ಕೂರಿಸಿಕೊಂಡು ಇನ್ನೆಲ್ಲಿಗೋ ಹೊರಡುತ್ತಾರೆ. ಇವತ್ತೇನೋ ಹಸು ಪಾಪ ಬಚಾವಾಯಿತು.

"ಏಕಾಂತಯ್ಯನೋರೆ," ಎಂದ. "ಅಲ್ಲಿ ಅಕ್ಷರಾನೇ ಇಲ್ಲ. ನವಿಲಿದೆ."

"ಏನು?"

"ನವಿಲು. ದೊಡ್ಡದು."

ಏಕಾಂತಯ್ಯನವರು ಕಾರಿನಿಂದಿಳಿದರು. ತಮ್ಮದೇ ದೀಪದ ಬೆಳಕಿನಲ್ಲಿ ಸೈಟು ದಾಟಿ ನಡೆದರು. ಗೋಡೆಯ ಮೇಲೆ ಅವರ ನೆರಳು ದೊಡ್ಡದಾಗಿ ಬಿದ್ದು, ಹತ್ತಿರವಾಗುತ್ತಾ ಸಣ್ಣದಾಯಿತು. ಮೂಗು ತಗಲುವಷ್ಟು ಹತ್ತಿರ ನಿಂತು ನೋಡಿದರು. ಒಂದು ಗರಿಯ ಕಣ್ಣನ್ನು ಬೆರಳಿನಿಂದ ಸುತ್ತ ಸವರಿದರು. ಕಾರಿನಲ್ಲಿ ಕೂತಿದ್ದ ಸೇತುರಾಮ ಗ್ಲೋವ್ ಬಾಕ್ಸಿನ ಮುಚ್ಚಳವನ್ನು ಸುಮ್ಮನೆ ತೆಗೆದು ಮುಚ್ಚಿದ. ಶಾಂತಲಾ ಅಂಗಡಿಯೊಳಗೆ ಹೋಗಿ, ಹುಡುಕುವುದಕ್ಕೇನೂ ಇಲ್ಲದಿದ್ದರೂ ಏನೋ ಹುಡುಕಿದಳು.

ಬಂದವರು ಡ್ರೈವರ್ ಸೀಟಿನ ಕಡೆಗೆ ಹೋಗಲಿಲ್ಲ. ಈಚೆ ಬದಿಯ ಬಾಗಿಲು ತೆಗೆದು ನಿಂತರು.

"ಆ ಕಡೆ ಸರಿ, ಸೇತು. ನೀನ್ ಓಡ್ಸು."

"ನಾನಾ?"

"ನಾನು ಓಡ್ಸಲ್ಲ. ಇನ್ಯಾರು ಓಡಿಸ್ತಾರೆ, ನವಿಲಾ?"

"ನಾನ್ ಬಿಟ್ ಬರ್ಲಾ ಅಂಕಲ್?" ಎಂದು ಶಾಂತಲಾ ಹೊರಗೆ ಬಂದಳು.

"ಬೇಡಮ್ಮ. ಇವನ್ ಹತ್ರ ಲೈಸೆನ್ಸಿದೆ. ಇಷ್ಟು ವರ್ಷದಿಂದ ಹೊಸದಾಗೇ ಇಟ್ಟಿದಾನೆ." ಆಮೇಲೆ ದನಿ ತಗ್ಗಿಸಿ, "ನಿನ್ ಲೈಟು ಚೆನ್ನಾಗೇ ಇತ್ತು ಕಣಮ್ಮ. ಸುಮ್ನೆ ನಿನಗೆ ತೊಂದ್ರೆ ಕೊಟ್ಟೆ," ಎಂದರು.

ಚಿಕ್ಕಲಸಂದ್ರದಿಂದ ತ್ಯಾಗರಾಜನಗರದವರೆಗೆ ಸೇತುರಾಮ ಆ ಕಾರನ್ನು ಹೆಚ್ಚುಕಡಿಮೆ ಮೊದಲನೆ ಗೇರಿನಲ್ಲೇ ತಂದ. ಮುಂದೆ ಪೈಲಟ್ಟಿನ ಹಾಗೆ ಶಾಂತಲಾಳ ಸ್ಕೂಟರು. ಹಿಂದೆ ಮೆರವಣಿಗೆಯಾಗುವಷ್ಟು ವಾಹನ. "ಲೇ, ಎತ್ತಿನ ಗಾಡಿ ತಗೊಳ್ಳೋ ಗುರು!" ಎಂದು ಆಟೋದವನೊಬ್ಬ ಹರಸಿ ಮುಂದೆ ಹೋದ. ಏಕಾಂತಯ್ಯನವರು ರಸ್ತೆ ನೋಡುತ್ತಿರಲಿಲ್ಲ, ಇಂಜಿನ್ನಿನ ಸದ್ದು ಕೇಳುತ್ತಿದ್ದರು. "ಕ್ಲಚ್ಚು. ಎರಡನೇದು. ಅವಸರ ಇಲ್ಲ," ಎನ್ನುತ್ತಿದ್ದರು. ಬನಶಂಕರಿ ದಾಟುವಾಗ ಒಮ್ಮೆ, "ಯಾವತ್ತಿನಿಂದ ಹೀಗಾಗಿತ್ತೋ. ಯಾರ್ಯಾರನ್ನ ಕೂರಿಸ್ಕೊಂಡಿದ್ನೋ," ಎಂದರು. ಸೇತುರಾಮ ಗೇರು ಬದಲಿಸುವುದರ ಮೇಲೆ ಭಕ್ತಿಯಿಂದ ಗಮನವಿಟ್ಟ.

ಕಣ್ಣಿನ ಡಾಕ್ಟರು ಎರಡು ನಿಮಿಷದಲ್ಲಿ ಪೊರೆ ಎಂದರು. ಬಲಿತಿದೆ, ಇಷ್ಟು ದಿನ ಹೇಗೆ ಓಡಾಡಿದಿರಿ ಎಂದು ಕೇಳಿದರು. "ಕಾರಲ್ಲಿ," ಎಂದು ಉತ್ತರ ಕೊಟ್ಟದ್ದು ಕಾತ್ಯಾಯಿನಮ್ಮ. ಹಳದಿಯಾಗಿ ಕಾಣುವುದು, ಎದುರಿನ ದೀಪ ಹೂವಾಗಿ ಒಡೆಯುವುದು ಎಲ್ಲ ಅದರದ್ದೇ ಲಕ್ಷಣವಂತೆ. ಬೆಳಗಿನ ಹೊತ್ತು ಖಾಲಿ ರಸ್ತೆಯಲ್ಲಿ ಸೇತುರಾಮನ ಪಾಠ ಶುರುವಾಯಿತು. ಮಾಸ್ತರರು ಹಾರ್ನು ಮುಟ್ಟಗೊಡುತ್ತಿರಲಿಲ್ಲ. ಶಿಷ್ಯ ಮೂರನೆಯ ಗೇರಿನವರೆಗೆ ಬಂದ ದಿನ ಬೀದಿಯಲ್ಲಿ ಯಾರೋ ಚಪ್ಪಾಳೆ ತಟ್ಟಿದರು. ಅದು ವಾರಿಜಾ ಇರಬೇಕು, ಅಥವಾ ಸೊಳ್ಳೆ ಹೊಡೆದ ಸದ್ದೂ ಇರಬಹುದು.

ಶಸ್ತ್ರಚಿಕಿತ್ಸೆಯಾಗಿ ಇನ್ನೂ ಕಪ್ಪು ಕನ್ನಡಕ ಬಿಚ್ಚಿರಲಿಲ್ಲ, ಒಂದು ಬೆಳಿಗ್ಗೆ ಕಾಫಿಯ ಹೊತ್ತಿಗೆ ಮೈತ್ರೇಯಿ ಕಾಂಪೌಂಡಿನ ಹತ್ತಿರ ಬಂದು ಕೂಗಿದಳು. ಮಾತು ಕೊಟ್ಟಿದ್ದಳಲ್ಲ. "ಅಂಕಲ್!" ಎಂದೇ ಕೂಗಿದಳು, "ಅಪ್ಪಾ" ಎಂದಲ್ಲ. ಏಕಾಂತಯ್ಯನವರು ಪಂಚೆಯಲ್ಲೇ ಎದ್ದು ಬಂದು, ಗೇಟು ತೆಗೆದು, ಕಾರಿನ ಬೀಗದ ಕೈಯನ್ನು ಸೇತುರಾಮನಿಗೆ ಕೊಟ್ಟು ಪಕ್ಕದಲ್ಲಿ ಕೂತರು. ಕೊಡುವಾಗ ಕೈ ಒಂದಿಷ್ಟು ತಡೆಯಿತು.

ಜಯನಗರದ ಆಸ್ಪತ್ರೆಯವರೆಗೆ ಹಿಂದಿನ ಸೀಟಿನಿಂದ ವಾರಿಜಾಳ ಸಹಸ್ರನಾಮವೂ ಮಗಳ ನರಳಾಟವೂ ಕೇಳುತ್ತಿದ್ದವು. ಸೌತ್ ಎಂಡ್ ಸರ್ಕಲ್ಲಿನಲ್ಲಿ ಗಾಡಿ ಆಫ್ ಆಯಿತು. ಮತ್ತೆ ಹತ್ತಿಸಿದ, ಮತ್ತೆ ಆಫ್.

"ಅಪ್ಪಾ, ನೀನ್ ಇಳಿ! ನಾನೇ ಓಡಿಸ್ತೀನಿ!" ಎಂದು ಮೈತ್ರೇಯಿ ಹಲ್ಲು ಕಚ್ಚಿಕೊಂಡು ಕಿರುಚಿದಳು.

"ಕ್ಲಚ್ಚು ಪೂರ್ತಿ ಒತ್ತು ಸೇತು. ಈಗ ನಿಧಾನಕ್ಕೆ ಬಿಡು. ನೀನೂ ಅಷ್ಟೆ ಪುಟ್ಟಿ, ಉಸಿರು ನಿಧಾನಕ್ಕೆ ಬಿಡು," ಎಂದರು ಏಕಾಂತಯ್ಯನವರು. ಇಬ್ಬರೂ ಬಿಟ್ಟರು. ಕಾರು ಹೊರಟಿತು.

ಆಸ್ಪತ್ರೆಯ ಬಾಗಿಲಿಗೆ ಗಾಲಿಕುರ್ಚಿ ತಂದ ಆಯಾ ಕಾರಿನೊಳಗೆ ಇಣುಕಿ, ಕಪ್ಪು ಕನ್ನಡಕದ ಮುದುಕರನ್ನು ಕಂಡು ಅವರ ರೆಟ್ಟೆ ಹಿಡಿದಳು. "ನಾನಲ್ಲಮ್ಮ," ಎಂದರು ಅವರು, "ನಾನು ಡ್ರೈವರ್ ಕಡೆಯೋನು." ಮಧ್ಯಾಹ್ನದ ಊಟದ ಹೊತ್ತಿಗೆ ಹೆಣ್ಣು ಮಗು ಹುಟ್ಟಿತು. ವಾರಿಜಾ ಮಗುವನ್ನು ಮೊದಲು ತಂದು ತೋರಿಸಿದ್ದು ಕಾರಿಡಾರಿನ ಬೆಂಚಿನಲ್ಲಿ ಕೂತಿದ್ದ ಏಕಾಂತಯ್ಯನವರಿಗೆ. ಅವರು ಕಪ್ಪು ಕನ್ನಡಕವನ್ನು ಮೆಲ್ಲಗೆ ಮೇಲೆತ್ತಿ ಬಹಳ ಹೊತ್ತು ನೋಡಿದರು. ಸೇತುರಾಮ ಆಗ ಪಾರ್ಕಿಂಗಿನಲ್ಲಿ, ಎರಡು ಕಂಬಗಳ ನಡುವೆ ಸಿಕ್ಕಿಸಿದ ಕಾರನ್ನು ಹೊರತೆಗೆಯುವ ಪ್ರಯತ್ನದಲ್ಲಿದ್ದ.

ಕನ್ನಡಕ ಬಿಚ್ಚಿ, ಸದ್ಯಕ್ಕೆ ಹಗಲು ಹೊತ್ತು ಮಾತ್ರ, ಹತ್ತಿರದಲ್ಲಿ ಓಡಿಸಿಕೊಳ್ಳಿ ಎಂದು ಡಾಕ್ಟರು ಅಪ್ಪಣೆ ಕೊಟ್ಟಮೇಲೆ ಏಕಾಂತಯ್ಯನವರು ಮಾಡಿದ ಮೊದಲ ಕೆಲಸ ಶಾಂತಲಾಳ ಅಂಗಡಿಗೆ ಹೋದದ್ದು, ಕಾತ್ಯಾಯಿನಮ್ಮ ಕಟ್ಟಿಕೊಟ್ಟ ಒಬ್ಬಟ್ಟಿನ ಡಬ್ಬಿಯೊಡನೆ. ಸೇತುರಾಮ ತನ್ನ ಹಳೆಯ ಸೀಟಿಗೆ ಮರಳಿದ್ದ. ಅಷ್ಟು ನೆಮ್ಮದಿಯಾಗಿ ಅವನು ಎಂದೂ ಕೂತಿರಲಿಲ್ಲ. ಬಂಪರಿನ ಕೆಳಗಿನ ದೀಪಗಳನ್ನು ತೆಗೆದುಬಿಡು ಎಂದರು ಏಕಾಂತಯ್ಯನವರು. ಶಾಂತಲಾ ತೆಗೆದಳು. ತಂತಿಯ ತುದಿಗಳನ್ನು ಬರಿದೇ ನೇತಾಡಲು ಬಿಡದೆ, ಫ್ಯೂಸಿನವರೆಗೂ ಪೂರ್ತಿ ಎಳೆದು ಸುತ್ತಿ ಎತ್ತಿಟ್ಟಳು. ಆಮೇಲೆ ಅಂಗಡಿಯ ಷಟರು ಎಳೆದು, ನೆರಳಿನಲ್ಲಿ ಕಾರನ್ನು ಅದಕ್ಕೆ ಎದುರಾಗಿ ನಿಲ್ಲಿಸಿ, ಹೆಡ್‌ಲೈಟು ಹಾಕಿ, ಎದುರಿನವರ ಕಣ್ಣಿಗೆ ಹೊಡೆಯದಂತೆ ಸ್ಕ್ರೂ ತಿರುಗಿಸಿ ತಿರುಗಿಸಿ ಬೆಳಕನ್ನು ಕೆಳಗಿಳಿಸಿದಳು. ಷಟರಿನ ಮೇಲೆ ಎರಡು ದುಂಡನೆಯ ಬೆಳಕು ಅಕ್ಕಪಕ್ಕ ಬಿದ್ದವು.

"ಈಗ್ ನೋಡಿ ಹೇಳಿ ಅಂಕಲ್," ಎಂದಳು. "ಎರಡೂ ಕಡೆ ಒಂದೇ ಥರ ಕಾಣಿಸ್ತಿದ್ಯಾ?"

ಏಕಾಂತಯ್ಯನವರು ಎಡಗಣ್ಣನ್ನು ಅಂಗೈಯಿಂದ ಮುಚ್ಚಿಕೊಂಡು ನೋಡಿದರು. ಬಲಗಣ್ಣನ್ನು ಮುಚ್ಚಿಕೊಂಡು ನೋಡಿದರು. ಮುಖದಲ್ಲಿ ಒಂದು ಗೆರೆಯೂ ಕದಲಲಿಲ್ಲ.

"ಬಲಗಡೇದು ಸರಿಯಾಗಿದೆಯಮ್ಮ," ಎಂದರು. "ಎಡಗಡೇದಕ್ಕೆ ಮುಂದಿನ ತಿಂಗಳು ಆಪರೇಷನ್ನು."